ರೋಬೋಟ್ ಹೃದಯ ಕಸಿ: ಎಂಟು ಮಿಲಿಮೀಟರ್ ತೂತಿನಲ್ಲಿ ಮುಷ್ಟಿಗಾತ್ರದ ಹೃದಯ ಹೋಗೋದು ಹೇಗೆ?

ಗೇರ್‌ಬಾಕ್ಸ್_ಗಿರಿ:
ಎದೆ ಸೀಳದೆ ರೋಬೋಟ್ ಮೂಲಕ ಹೃದಯ ಕಸಿ ಮಾಡಿದ ಎರಡು ಸುದ್ದಿ ಓದಿದೆ. ಮೊದಲನೆಯದು ರಿಯಾದಿನ ಕಿಂಗ್ ಫೈಸಲ್ ಸ್ಪೆಷಲಿಸ್ಟ್ ಆಸ್ಪತ್ರೆಯಲ್ಲಿ, 2024ರಲ್ಲಿ, 16 ವರ್ಷದ ಹುಡುಗನಿಗೆ. ಇನ್ನೊಂದು ಹೂಸ್ಟನ್ನಿನ ಬೇಲರ್ ಸೇಂಟ್ ಲೂಕ್ಸ್‌ನಲ್ಲಿ, 2025ರ ಮಾರ್ಚಿನಲ್ಲಿ, 45 ವರ್ಷದವರಿಗೆ. ಯಂತ್ರದ ಕಡೆಯದು ನನಗೆ ತಿಳಿಯುತ್ತೆ. ಡಾ ವಿಂಚಿ ಅನ್ನೋ ಆಪರೇಶನ್ ರೋಬೋಟಿನ ತೋಳಿನ ಉಪಕರಣ 8 ಮಿ.ಮೀ. ದಪ್ಪ. ಹೃದಯ ಮುಷ್ಟಿಯಷ್ಟು. ಪತ್ರಿಕೆಯವರು ‘ಸಣ್ಣ ರಂಧ್ರಗಳ ಮೂಲಕ’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಹಳೇದು ಆಚೆ ಬಂದಿದ್ದು, ಹೊಸದು ಒಳಗೆ ಹೋಗಿದ್ದು ಯಾವ ಬಾಗಿಲಿಂದ?

ಹೊಲಿಗೆಯವ:
ಎಂಟು ಮಿಲಿಮೀಟರಿನಲ್ಲಿ ಹೋಗೋದಿಲ್ಲ ಗಿರಿ ಅವರೇ. ದೊಡ್ಡವರ ಹೃದಯದ ಉದ್ದ ಸುಮಾರು 12 ಸೆಂ.ಮೀ., ಅಗಲ 8–9, ದಪ್ಪ 6. ತೂಕ 250ರಿಂದ 350 ಗ್ರಾಂ. ಖಾಲಿ ಮಾಡಿ ನಿಲ್ಲಿಸಿದ ಹೃದಯ ಒಂದಿಷ್ಟು ಚಪ್ಪಟೆಯಾಗುತ್ತೆ, ಆದರೆ ಸ್ಪಂಜಲ್ಲ. ಬಲವಂತವಾಗಿ ತೂರಿಸಿದರೆ ಜಜ್ಜಿದ ಜಾಗ ರಕ್ತ ಹರಿದ ಮೇಲೆ ಊದಿಕೊಂಡು ಬಡಿತಕ್ಕೇ ಕುತ್ತು. ಆದ್ದರಿಂದ ತೂತುಗಳ ಜೊತೆಗೆ ಒಂದು ‘ಬಾಯಿ’ ಬೇಕೇ ಬೇಕು. ‘ಪೂರ್ಣ ರೋಬೋಟಿಕ್’ ಅಂದರೆ ಕತ್ತರಿಸೋದು, ಹೊಲಿಯೋದು ಎಲ್ಲ ತೋಳುಗಳಿಂದ ಅಂತ. ಎಲ್ಲವೂ ತೂತಿನಲ್ಲೇ ಹೋಯ್ತು ಅಂತಲ್ಲ.

ಬಾಯಿಗೆ ಎರಡು ಜಾಗ ಯೋಚಿಸಬಹುದು. ಒಂದು, ಬಲಗಡೆ ಪಕ್ಕೆಲುಬುಗಳ ಸಂದು. ಅಲ್ಲಿ ಚರ್ಮ ಎಷ್ಟು ಬೇಕಾದರೂ ಕೊಯ್ಯಬಹುದು, ಎಲುಬು ಜಗ್ಗಬೇಕಲ್ಲ. ಹೆಚ್ಚು ಜಗ್ಗಿದರೆ ಮುರಿಯುತ್ತೆ, ಪಕ್ಕೆಲುಬಿನಡಿಯ ನರ ನಜ್ಜಾಗಿ ತಿಂಗಳುಗಟ್ಟಲೆ ನೋವು. ಇನ್ನೊಂದು, ಹೂಸ್ಟನ್ನಿನಲ್ಲಿ ಕೆನೆತ್ ಲಿಯಾವ್ ತಂಡ ಹಿಡಿದ ದಾರಿ: ಪ್ರೀಪೆರಿಟೋನಿಯಲ್ ಜಾಗ. ಹೊಟ್ಟೆಯ ಗೋಡೆಗೂ ಒಳಗಿನ ಪೊರೆಗೂ ನಡುವೆ ಇರುವ ಸಂದು ಅದು. ಪೊರೆ ಹರಿಯದೆ, ಕರುಳು ಮುಟ್ಟದೆ ಅಲ್ಲಿಂದ ಮೇಲಕ್ಕೆ ಹೋದರೆ ಹೃದಯದ ಚೀಲದ ತಳ ಸಿಗುತ್ತೆ. ಅಲ್ಲಿ ಎಲುಬಿನ ಚೌಕಟ್ಟಿಲ್ಲ, ಮಾಂಸ ಹಿಗ್ಗುತ್ತೆ. ಎದೆಗೂಡಿನ ಗೋಡೆಗೆ ಈ ಬಾಯಿಂದ ಪೆಟ್ಟಿಲ್ಲ. ನನ್ನ ಮಟ್ಟಿಗೆ ಹೂಸ್ಟನ್ ಕೇಸಿನ ನಿಜವಾದ ಜಾಣತನ ಇದು. ರೋಬೋಟ್ ಅಲ್ಲ.

ಗೇರ್‌ಬಾಕ್ಸ್_ಗಿರಿ:
ಹಳೇ ಹೃದಯ ಕಾಯಿಲೆಯಿಂದ ದೊಡ್ಡದಾಗಿರುತ್ತಲ್ಲ ಸರ್? ಅದು ಹೊರಬರೋದು ಇನ್ನೂ ಕಷ್ಟ ಅಲ್ವಾ?

ಹೊಲಿಗೆಯವ:
ಅದರ ಬಗ್ಗೆ ದಾಕ್ಷಿಣ್ಯ ಬೇಡವಲ್ಲ! ಹಿಗ್ಗಿದ ಹೃದಯದ ಗೋಡೆ ತೆಳು. ರಕ್ತ ಹೀರಿ ತೆಗೆದರೆ ಒದ್ದೆ ಚೀಲದ ಹಾಗೆ ಕುಸಿಯುತ್ತೆ, ಚೀಲದಲ್ಲಿ ಹಾಕಿ ಎಳೆಯಬಹುದು. ಇನ್ನೊಂದು ಅನುಕೂಲ: ಹಿಗ್ಗಿದ ಹೃದಯ ಇದ್ದ ಗೂಡು ವಿಶಾಲ, ಅದರಲ್ಲಿ ಮಾಮೂಲಿ ಗಾತ್ರದ ಹೊಸ ಹೃದಯ ಇಟ್ಟರೆ ತೋಳುಗಳು ಆಡೋಕೆ ಸುತ್ತ ಜಾಗ. ಹಾಗಂತ ತೀರಾ ಚಿಕ್ಕದನ್ನು ಆರಿಸೋಕೆ ಬರಲ್ಲ. ದಾನಿ ಮತ್ತು ರೋಗಿಯ ಎತ್ತರ, ತೂಕ, ವಯಸ್ಸು, ಲಿಂಗ ಹಾಕಿ ಇಬ್ಬರ ಹೃದಯದ ಅಂದಾಜು ತೂಕ ತೆಗೀತಾರೆ. ದಾನಿಯದನ್ನು ರೋಗಿಯದರಿಂದ ಭಾಗಿಸಿದಾಗ 0.86ಕ್ಕಿಂತ ಕಡಿಮೆ ಬಂದರೆ ಅಪಾಯ ಏರುತ್ತೆ. ಒಳಗೆ ತೂರಿಸೋಕೆ ಸುಲಭ ಅಂತ ಸಣ್ಣ ಹೃದಯ ಹಾಕಿದರೆ ದೇಹಕ್ಕೆ ಸಾಲದು.

ತುಂಗಭದ್ರಾ:
ಎಲ್ಲಾ ಖರೆ, ಆದ್ರ ಮೂಲ ಪ್ರಶ್ನೆ ಬ್ಯಾರೆ ಅದ. ಎದೆ ತೆರೆದು ಮಾಡೂ ಕಸಿ 1967ರ ಡಿಸೆಂಬರ್ 3ರಂದು ಬರ್ನಾರ್ಡ್ ಕೇಪ್‌ಟೌನಿನಾಗ ಮಾಡಿದ್ದು. ನಮ್ಮಲ್ಲಿ 1994ರ ಆಗಸ್ಟ್ 3ಕ್ಕ ದಿಲ್ಲಿ ಏಮ್ಸ್‌ನಾಗ ವೇಣುಗೋಪಾಲ್ ಅವರು ಯಶಸ್ವಿ ಆಗಿ ಮಾಡಿದ್ರು. ಇವತ್ತು ಒಳ್ಳೆ ಕೇಂದ್ರದಾಗ ನೂರಕ್ಕ 85ರಿಂದ 90 ಮಂದಿ ಒಂದು ವರ್ಷ ದಾಟತಾರ. ಎದೆ ತೆರೆದ್ರ ಸರ್ಜನ್ನರಿಗೆ ಎಲ್ಲಾ ಕಣ್ಣಿಗೆ ಕಾಣತದ, ಕೈಗೆ ಸಿಗತದ. ಇಷ್ಟು ಚಲೋ ನಡಿಯೂ ಆಪರೇಶನ್ನಿಗೆ ರೋಬೋಟ್ ಯಾಕ ಬೇಕ್ರಿ? ಗಾಯ ಸಣ್ಣದು ಅನ್ನೂ ಚಂದಕ್ಕ?

ಹೊಲಿಗೆಯವ:
ಚಂದಕ್ಕಾದರೆ ಖಂಡಿತ ಬೇಡ. ಕಾರಣ ಔಷಧಿಯಲ್ಲಿದೆ. ಬೈಪಾಸ್ ಮಾಡಿಸಿಕೊಂಡವರ ಎದೆಮೂಳೆ ಗರಗಸದಲ್ಲಿ ಸೀಳಿ, ಆರೆಂಟು ಸ್ಟೀಲ್ ತಂತಿ ಬಿಗಿದು ಮುಚ್ಚಿದರೆ ಆರೆಂಟು ವಾರದಲ್ಲಿ ಮಟ್ಟಸವಾಗಿ ಕೂಡುತ್ತೆ. ಕಸಿ ರೋಗಿಗೆ ಅದೇ ದಿನ ಮೀಥೈಲ್ ಪ್ರೆಡ್ನಿಸಲೋನ್ 500 ಮಿ.ಗ್ರಾಂ.ನಿಂದ 1 ಗ್ರಾಂ ಸುರೀತೀವಿ. ಆಮೇಲೆ ಪ್ರೆಡ್ನಿಸಲೋನ್, ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್ ದಿನಾ. ಎಲ್ಲವೂ ದೇಹ ಹೊಸ ಹೃದಯವನ್ನು ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿಸುವಂಥವು. ಮೂಳೆ ಕೂಡೋದು ನಿಧಾನ, ಸೋಂಕು ತಡೆಯುವ ಶಕ್ತಿ ಅರ್ಧ. ಕಸಿಗೆ ಬರುವವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಸ್ನಾಯು ಕರಗಿಸಿಕೊಂಡಿರ್ತಾರೆ ಬೇರೆ. ಹೂಸ್ಟನ್ನಿನ ರೋಗಿ 2024ರ ನವೆಂಬರಿನಿಂದ ಆಸ್ಪತ್ರೆಯಲ್ಲೇ, ಯಂತ್ರಗಳ ಆಸರೆಯಲ್ಲಿದ್ದರು. ಇಂಥವರಿಗೆ ಎದೆಮೂಳೆಯ ಹಿಂದೆ ಕೀವಾದರೆ ಹೊಸ ಹೃದಯ ಚೆನ್ನಾಗಿ ಬಡೀತಿದ್ದರೂ ಪ್ರಾಣ ಉಳಿಸೋದು ಕಷ್ಟ.

ಎರಡನೆಯದು ರಕ್ತ. ಸೀಳಿದ ಮೂಳೆಯ ಮಜ್ಜೆಯಿಂದ ಜಿನುಗ್ತಾನೇ ಇರುತ್ತೆ. ಹೆಚ್ಚು ರಕ್ತ ಕೊಟ್ಟಷ್ಟೂ ರೋಗಿಯ ದೇಹ ಪರರ ಜೀವಕೋಶದ ಗುರುತುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತೆ. ಅವು ನಾಳೆ ಹೊಸ ಹೃದಯದ ಮೇಲೇ ಬೀಳಬಹುದು. ಮಾಮೂಲಿ ಹೃದಯ ಆಪರೇಶನ್ನಿನಲ್ಲಿ ಎರಡು ಬಾಟಲಿ ರಕ್ತ ದೊಡ್ಡ ಸುದ್ದಿಯಲ್ಲ, ಇಲ್ಲಿ ಅದಕ್ಕೆ ಬೇರೆ ಬೆಲೆ.

ತುಂಗಭದ್ರಾ:
ಈ ಮಾತಿಗೆ ಒಪ್ಪತೀನಿ. ಆದರೂ ಬೆರಳೆಣಿಕೆ ಕೇಸ್ ಇಟ್ಕೊಂಡು ‘ಇದೇ ಮೇಲು’ ಅನ್ನಾಕ ಆಗೂದಿಲ್ಲ. ಆರಿಸಿ ತಗೊಂಡ ರೋಗಿಗಳು ಅವರು. ಮಾಡಲಿಕ್ಕೆ ಬರತದ ಅಂತ ತೋರ್ಸ್ಯಾರ, ಅಷ್ಟ.

ಹೊಲಿಗೆಯವ:
ಅಷ್ಟೇ, ಸರ್. ಅದಕ್ಕಿಂತ ಹೆಚ್ಚು ನಾನೂ ಹೇಳಲ್ಲ. ರಿಯಾದಿನಲ್ಲಿ ಫೆರಾಸ್ ಖಲೀಲ್ ತಂಡದ ಆಪರೇಶನ್ ಎರಡೂವರೆ ಗಂಟೆ ಹಿಡಿಯಿತು. ಆದರೆ ಅದಕ್ಕೆ ಮುಂಚೆ ವಾರಗಟ್ಟಲೆ ಯೋಜನೆ, ಮೂರು ದಿನದಲ್ಲಿ ಏಳು ಸಲ ಅಣಕು ತಾಲೀಮು. ಎರಡೂವರೆ ಗಂಟೆ ಅನ್ನೋ ಅಂಕಿ ಓದುವವರು ಆ ಏಳನ್ನೂ ಓದಬೇಕು.

ಗೇರ್‌ಬಾಕ್ಸ್_ಗಿರಿ:
ಸರಿ, ಹೃದಯ ಒಳಗೆ ಬಂತು. ಹೊಲಿಗೆ ಎಷ್ಟು, ಯಾವ ಕ್ರಮ?

ಹೊಲಿಗೆಯವ:
ಈಗ ಹೆಚ್ಚಿನವರು ಮಾಡುವ ಬೈಕೇವಲ್ ಪದ್ಧತಿಯಲ್ಲಿ ಐದು ಜೋಡಣೆ: ಎಡ ಏಟ್ರಿಯಂ (ಹೃದಯದ ಎಡ ಮೇಲುಕೋಣೆ), ಕೆಳಗಿನ ವೀನಾ ಕೇವಾ, ಮೇಲಿನ ವೀನಾ ಕೇವಾ (ದೇಹದ ರಕ್ತ ಹೃದಯಕ್ಕೆ ತರುವ ಎರಡು ದೊಡ್ಡ ನಾಳ), ಪಲ್ಮನರಿ ಆರ್ಟರಿ (ಶ್ವಾಸಕೋಶಕ್ಕೆ ಒಯ್ಯುವ ನಾಳ), ಅಯೋರ್ಟಾ (ದೇಹಕ್ಕೆ ಒಯ್ಯುವ ಮಹಾನಾಳ). ಎಡ ಏಟ್ರಿಯಂಗೆ 3-0 ಪ್ರೋಲಿನ್ ದಾರ (ಮೊದಲ ಅಂಕಿ ಹೆಚ್ಚಿದಷ್ಟೂ ದಾರ ತೆಳು), ಅಯೋರ್ಟಾ ಮತ್ತು ಪಲ್ಮನರಿಗೆ 4-0, ಕೇವಾಗಳಿಗೆ 4-0 ಅಥವಾ 5-0.

ಮೊದಲು ಎಡ ಏಟ್ರಿಯಂ. ಅದು ಎಲ್ಲಕ್ಕಿಂತ ಹಿಂದೆ, ಬೆನ್ನುಮೂಳೆಯ ಕಡೆ. ರೋಗಿಯ ಎಡ ಮೇಲಿನ ಪಲ್ಮನರಿ ವೇನಿನ ಬಾಯಿಯ ಹತ್ತಿರ, ದಾನಿ ಹೃದಯದ ಎಡ ಏಟ್ರಿಯಲ್ ಕಿವಿಯ ಬುಡಕ್ಕೆ ಸರಿಯಾಗಿ ಸೂಜಿ ಶುರು. ಆ ಒಂದು ಬಿಂದು ತಪ್ಪಿದರೆ ಇಡೀ ಹೃದಯ ತಿರುಚಿ ಕೂರುತ್ತೆ, ಕೊನೆಗೆ ಪಲ್ಮನರಿ ಆರ್ಟರಿ ಜೋಡಿಸುವಾಗ ಗೊತ್ತಾಗುತ್ತೆ. ಅಷ್ಟರಲ್ಲಿ ಕಾಲ ಮಿಂಚಿರುತ್ತೆ. ಈ ಹಿಂಗೋಡೆಯ ಹೊಲಿಗೆಗೆ ಎರಡನೇ ಅವಕಾಶವೂ ಇಲ್ಲ. ಹೃದಯ ತುಂಬಿ ಬಡಿಯಲು ಶುರುವಾದ ಮೇಲೆ ಅಲ್ಲಿ ಸೋರಿದರೆ, ಎದೆ ತೆರೆದಿದ್ದರೂ ಹೃದಯ ಎತ್ತಿ ನೋಡಿದರೆ ಒತ್ತಡ ಬೀಳುತ್ತೆ. ರೋಬೋಟಿನಲ್ಲಿ ಎತ್ತುವ ಕೈಯೇ ಇಲ್ಲ. ಅದಕ್ಕೇ ಆ ಸಾಲನ್ನು ಹತ್ತಿರ ಹತ್ತಿರ ಹಾಕಿ, ಒಳ ಅಂಚು ಒಳಅಂಚಿಗೆ ಕೂರುವ ಹಾಗೆ ಮಡಚಿ, ಅಯೋರ್ಟಾ ಹಿಡಿದ ಕ್ಲಾಂಪ್ (ಇಕ್ಕಳ) ಬಿಡುವ ಮುಂಚೆ ಸೇಲೈನ್ ತುಂಬಿ ಪರೀಕ್ಷಿಸಬೇಕು.

ರೋಬೋಟಿಗೆ ಇಲ್ಲಿ ಒಂದು ಮೇಲುಗೈ ಉಂಟು, ಒಂದು ಕೊರತೆಯೂ ಉಂಟು. ಕ್ಯಾಮೆರಾ ಹಿಂಗೋಡೆಯ ಹತ್ತಿರವೇ ಹೋಗುತ್ತೆ, ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ. ಕೈ ಮೂರು ಸೆಂಟಿಮೀಟರ್ ಸರಿದರೆ ತುದಿ ಒಂದೇ ಸರಿಯುವಂತೆ ಇಡಬಹುದು, ನಡುಕ ಶೋಧಿಸಿ ಹೋಗುತ್ತೆ. ಕೊರತೆ ಅಂದರೆ ದಾರದ ಬಿಗಿ ಬೆರಳಿಗೆ ಗೊತ್ತಾಗಲ್ಲ. ಬಹುತೇಕ ಕಡೆ ಇರುವ ಹಳೇ ಮಾದರಿಗಳಲ್ಲಿ ಸ್ಪರ್ಶ ಇಲ್ಲ. ಅಂಚು ಬಿಳಿಚಿಕೊಂಡಿತೇ, ಮಡಿಕೆ ಬಿತ್ತೇ ಅಂತ ಕಣ್ಣಲ್ಲೇ ಬಿಗಿ ಅಳೆಯಬೇಕು.

ಟೇಬಲ್_ಎರಡು:
ಸರ್, ದಾರದ ವಿಷಯ ಸೇರಿಸ್ತೀನಿ. ಪ್ರೋಲಿನ್ ಒಂದೇ ಎಳೆ. ರೋಬೋಟಿನ ನೀಡಲ್ ಡ್ರೈವರ್ ಲೋಹದ ಹಲ್ಲಿನಿಂದ ದಾರವನ್ನೇ ಕಚ್ಚಿದರೆ ಅಲ್ಲಿ ಚಪ್ಪಟೆಯಾಗಿ, ಬಿಳಿ ಗೆರೆ ಬಿದ್ದು, ಗಂಟು ಬಿಗಿಯುವಾಗ ಪಟಕ್ ಅಂತ ಹೋಗುತ್ತೆ. ಸಾಲಿನ ಮಧ್ಯೆ ತುಂಡಾದರೆ ಇಡೀ ಸಾಲು ಸಡಿಲ. ಅದಕ್ಕೇ ರೋಬೋಟಿನಲ್ಲಿ ಹೃದಯದ ಮೈಟ್ರಲ್ ಕವಾಟದ ಆಪರೇಶನ್ ಮಾಡುವ ಕಡೆ ಏಟ್ರಿಯಂ ಮುಚ್ಚೋಕೆ ಎಷ್ಟೋ ಜನ ಸಿವಿ-4 ಗೋರ್‌ಟೆಕ್ಸ್ ಬಳಸ್ತಾರೆ. ಕಚ್ಚಿದರೂ ತಡೆಯುತ್ತೆ, ಸುರುಳಿ ಸುತ್ತಿಕೊಳ್ಳಲ್ಲ. ಆದರೆ ಅದರ ಗಂಟು ಜಾರುತ್ತೆ, ಆರೇಳು ಸುತ್ತು ಹಾಕ್ಬೇಕು. ಉದ್ದವೂ ಮುಖ್ಯ: ತೆರೆದ ಎದೆಯಲ್ಲಿ 90 ಸೆಂ.ಮೀ. ದಾರವನ್ನು ಅಸಿಸ್ಟೆಂಟ್ ಕೈಯಲ್ಲಿ ಹಿಡಿದು ಹಿಂಬಾಲಿಸ್ತಾರೆ. ಒಳಗೆ ಹಿಡಿಯುವವರಿಲ್ಲ, ಉದ್ದ ದಾರ ತೋಳಿಗೇ ಸುತ್ತಿಕೊಳ್ಳುತ್ತೆ. ಗಿಡ್ಡ ದಾರ ಎರಡು, ಎರಡು ಕಡೆಯಿಂದ ಬಂದು ಸೇರೋದು ವಾಸಿ.

ಸೂಜಿ ಲೆಕ್ಕ ಇನ್ನೊಂದು. ಪ್ರತಿ ಸೂಜಿ ಒಳಗೆ ಹೋದಾಗಲೂ ಹೊರಗೆ ಬಂದಾಗಲೂ ಜೋರಾಗಿ ಹೇಳಿ ಬೋರ್ಡ್ ಮೇಲೆ ಬರೀಬೇಕು. ಹೃದಯದ ಹಿಂದೆ ಜಾರಿದ 5-0 ಸೂಜಿ ಕ್ಯಾಮೆರಾಗೆ ಸಿಗಲ್ಲ, ಎಕ್ಸ್‌ರೇಯೇ ಗತಿ.

ಗೇರ್‌ಬಾಕ್ಸ್_ಗಿರಿ:
ಸಿಸ್ಟರ್, ಇದು ಬೇರಿಂಗ್ ಒಳಗೆ ನಟ್ ಬಿದ್ದ ಹಾಗೇ ಆಯ್ತು. 🙂 ರೋಬೋಟ್ ಕೆಟ್ಟರೆ?

ಟೇಬಲ್_ಎರಡು:
ಕೆಡೋದಕ್ಕಿಂತ ಹೆಚ್ಚು ಹೆದರಬೇಕಾದ್ದು ರಕ್ತಸ್ರಾವಕ್ಕೆ. ಎರಡಕ್ಕೂ ಉತ್ತರ ಒಂದೇ: ತೋಳು ಬಿಚ್ಚಿ ಎದೆ ತೆರೆಯೋದು. ಎದೆಮೂಳೆ ಗರಗಸ ಚಾರ್ಜ್ ಆಗಿ, ಸ್ಟೆರೈಲ್ ಆಗಿ, ಎರಡನೇ ಟೇಬಲ್ ಮೇಲೆ ಕಾಣುವ ಹಾಗೆ ಇರಬೇಕು. ಕಪಾಟಿನಲ್ಲಿದ್ದರೆ ಇಲ್ಲದ ಹಾಗೆ. ರೋಬೋಟ್ ನಡೆಸುವ ಕನ್ಸೋಲಿನಲ್ಲಿ ಕೂತ ಸರ್ಜನ್ ಸ್ಕ್ರಬ್ ಆಗಿರಲ್ಲ, ಕೈತೊಳೆದು ಗೌನ್ ಹಾಕುವಷ್ಟರಲ್ಲಿ ನಿಮಿಷಗಳು ಹೋಗುತ್ತೆ. ಆದ್ದರಿಂದ ರೋಗಿಯ ಪಕ್ಕ ನಿಂತವರಿಗೆ ತಾವೇ ಎದೆ ತೆರೆಯುವ ಅನುಭವ ಇರಬೇಕು. ಉಪಕರಣ ಅಂಗಾಂಶ ಕಚ್ಚಿಕೊಂಡಿದ್ದಾಗ ಕರೆಂಟ್ ಹೋದರೆ ಅದರ ಬಾಯಿ ಬಿಡಿಸುವ ಕೀಲಿ ಎಲ್ಲಿದೆ ಅಂತ ಸರ್ಕ್ಯುಲೇಟಿಂಗ್ ನರ್ಸ್‌ಗೆ ಗೊತ್ತಿರಬೇಕು. ಎದೆಯ ಮಧ್ಯೆ ಗೆರೆ ಮಾರ್ಕರಿನಿಂದ ಮೊದಲೇ ಬರೆದು, ಬಟ್ಟೆ ಹೊದಿಸುವಾಗ ಅದು ತೆರೆದಿರಬೇಕು. ಪಕ್ಕಕ್ಕೆ ವಾಲಿಸಿ ಮಲಗಿಸಿದ ರೋಗಿಯಲ್ಲಿ ಗಾಬರಿಯಲ್ಲಿ ಮಧ್ಯಗೆರೆ ತಪ್ಪೋದು ಸುಲಭ.

ಪಂಪ್_ಪಕ್ಕ:
ಪಂಪ್ (ಆಪರೇಶನ್ ಹೊತ್ತಿಗೆ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಕಡೆಯವರನ್ನು ಯಾರೂ ಕರೀಲಿಲ್ಲ, ಆದರೂ ಬಂದೆ ಮಾರಾಯ್ರೆ. ತೆರೆದ ಎದೆಯಲ್ಲಿ ಕ್ಯಾನುಲಾ (ರಕ್ತದ ಪೈಪ್) ಸೀದಾ ಅಯೋರ್ಟಾಕ್ಕೆ, ಕೇವಾಗಳಿಗೆ. ಇಲ್ಲಿ ಎಲ್ಲ ತೊಡೆ ಮತ್ತು ಕುತ್ತಿಗೆಯಿಂದ. ತೊಡೆಯ ಆರ್ಟರಿಗೆ 17–19 ಫ್ರೆಂಚ್, ತೊಡೆಯ ವೇನ್‌ಗೆ 23–25, ಕುತ್ತಿಗೆಯ ಬಲ ಜುಗುಲರ್ ವೇನ್‌ಗೆ 15–17. ಫ್ರೆಂಚ್ ಪೈಪಿನ ದಪ್ಪದ ಅಳತೆ, ಮೂರು ಫ್ರೆಂಚ್ ಅಂದರೆ ಒಂದು ಮಿ.ಮೀ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕಿಲೋಗೆ 300–400 ಯೂನಿಟ್, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 480 ಸೆಕೆಂಡ್ ದಾಟದೆ ಪಂಪ್ ಶುರು ಮಾಡೋದಿಲ್ಲ.

ಕಸಿಯಲ್ಲಿ ವಿಶೇಷ ತಲೆನೋವು ತೊಡೆಯ ವೇನ್ ಕ್ಯಾನುಲಾದ ತುದಿ. ಮೈಟ್ರಲ್ ಕೇಸಿನಲ್ಲಿ ತುದಿ ಬಲ ಏಟ್ರಿಯಂ ಒಳಗೆ ಇಣುಕಿದರೂ ನಡೆಯುತ್ತೆ. ಇಲ್ಲಿ ಏಟ್ರಿಯಂ ಕತ್ತರಿಸಿ ತೆಗೀತಾರಲ್ಲ! ತುದಿ ಅಲ್ಲಿದ್ದರೆ ಕತ್ತರಿಸಿದ ಕೂಡಲೇ ಗಾಳಿ ಹೀರಿ, ಪೈಪಿನಲ್ಲಿ ಗಾಳಿ ಕಟ್ಟಿ, ಹರಿವು ನಿಂತೇ ಹೋಗುತ್ತೆ. ತುಂಬಾ ಕೆಳಗೆ ಎಳೆದರೆ ಲಿವರಿನ ವೇನಿನ ಬಾಯಿಗೆ ಅಂಟಿ ಪೈಪ್ ಕುಣಿಯಲು ಶುರು. ಬೇಕಾದ್ದು ಕೆಳ ಕೇವಾ-ಏಟ್ರಿಯಂ ಸಂಧಿಗಿಂತ ಸ್ವಲ್ಪ ಕೆಳಗೆ, ಅದರ ಮೇಲೆ ಕೇವಾ ಸುತ್ತ ಟೇಪ್ ಬಿಗಿ. ಕತ್ತರಿಸುವ ಮುಂಚೆ ಎಕೋದಲ್ಲಿ ತುದಿ ನೋಡಿ, ತೊಡೆಯ ಹತ್ತಿರ ಹೊಲಿದು ಗುರುತು ಹಾಕಬೇಕು. ಟೇಬಲ್ ಓರೆ ಮಾಡಿದರೆ ಅದು ಸರಿಯುತ್ತೆ.

ವ್ಯಾಕ್ಯೂಮ್ ಮೈನಸ್ 40 ಮಿ.ಮೀ. ಪಾದರಸ ಸಾಕು, 60ಕ್ಕಿಂತ ಹೆಚ್ಚು ಎಳೆದರೆ ಕೆಂಪು ಕಣ ಒಡೆದು ಮೂತ್ರ ಕೆಂಪಾಗುತ್ತೆ. ಹೊಸ ಹೃದಯದ ರೋಗಿಯ ಕಿಡ್ನಿಗೆ ಟ್ಯಾಕ್ರೊಲಿಮಸ್ ಒಂದೇ ಸಾಕಷ್ಟು ತೊಂದರೆ ಕೊಡುತ್ತೆ, ನಾವು ಬೇರೆ ಸೇರಿಸೋದು ಬೇಡ.

ಕಾಲು ಮರೀಬೇಡಿ. ತೊಡೆಯ ಆರ್ಟರಿ ತುಂಬಾ ಕ್ಯಾನುಲಾ ಇದ್ದರೆ ಕೆಳಗಿನ ಕಾಲಿಗೆ ರಕ್ತ ಇಲ್ಲ. ಎರಡು ಮೂರು ಗಂಟೆ ಪಂಪ್ ಅಂತ ಗೊತ್ತಿದ್ದರೆ 6–8 ಫ್ರೆಂಚಿನ ಇನ್ನೊಂದು ಸಣ್ಣ ಪೈಪ್ ಕಾಲಿನ ಕಡೆಗೆ. ಎರಡು ಮೀನಖಂಡಕ್ಕೂ ಆಮ್ಲಜನಕದ ಸೆನ್ಸರ್ ಅಂಟಿಸಿ ಹೋಲಿಸ್ತಾ ಇದ್ದರೆ ಬೆಳಗ್ಗೆ ತಣ್ಣಗಾದ ಕಾಲು ನೋಡುವ ಗ್ರಹಚಾರ ಬರೋದಿಲ್ಲ.

ಮಂಪರು:
ಅರಿವಳಿಕೆ ಕಡೆಯಿಂದ ಮೂರು ಮಾತು, ಮೂರೂ ಮರೆತರೆ ಕೆಡುವಂಥವು.

ಹೃದಯದೊಳಗಿನ ಒತ್ತಡ ಅಳೆಯಲು ಕುತ್ತಿಗೆಯಿಂದ ಸ್ವಾನ್-ಗಾಂಜ್ ಕ್ಯಾತಿಟರ್ (ತೆಳು ಕೊಳವೆ) ಹಾಕಿರ್ತೀವಿ. ಹಳೇ ಹೃದಯ ಕತ್ತರಿಸುವ ಮುಂಚೆ ಅದನ್ನು ಕುತ್ತಿಗೆಯ ಪ್ಲಾಸ್ಟಿಕ್ ಕವಚದೊಳಗೆ ಪೂರ್ತಿ ಹಿಂದೆಳೀಬೇಕು. ಇಲ್ಲದಿದ್ದರೆ ಕತ್ತರಿಗೆ ಸಿಗುತ್ತೆ, ಅಥವಾ ಮೇಲಿನ ಕೇವಾದ ಹೊಲಿಗೆಯಲ್ಲಿ ಸೇರಿಕೊಂಡು ಆಮೇಲೆ ಎಳೆದರೆ ಬರಲ್ಲ. ತೆರೆದ ಎದೆಯಲ್ಲಿ ಸರ್ಜನ್‌ಗೆ ಕೈಗೆ ತಾಗುತ್ತೆ, ಇಲ್ಲಿ ತಾಗಲ್ಲ.

ಡಿಫಿಬ್ರಿಲೇಟರ್. ಹೃದಯದ ಮೇಲೇ ಇಡುವ ಚಮಚದಂಥ ಪ್ಯಾಡಲ್‌ಗೆ ಇಲ್ಲಿ ಜಾಗ ಇಲ್ಲ. ಹೊರಗೆ ಅಂಟಿಸುವ ಪ್ಯಾಡನ್ನು ಬಟ್ಟೆ ಹೊದಿಸುವ ಮುಂಚೆ, ಕರೆಂಟ್ ಹೃದಯದ ಮೂಲಕ ಹಾಯುವ ಹಾಗೆ ಹಾಕಬೇಕು. ಎದೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಶ್ವಾಸಕೋಶ ಕುಗ್ಗಿಸಿದ್ದರೆ ಶಾಕ್ ಕೆಲಸ ಮಾಡದೆ ಹೋಗಬಹುದು. ಆಗ ಗ್ಯಾಸ್ ಬಿಟ್ಟು, ಶ್ವಾಸಕೋಶ ಉಬ್ಬಿಸಿ ಮತ್ತೆ ಕೊಡಿ.

ಮೂರನೆಯದು, ಹೊಸ ಹೃದಯಕ್ಕೆ ನರಗಳ ಸಂಪರ್ಕ ಇಲ್ಲ. ಬಡಿತ ನಿಧಾನವಾದರೆ ಅಟ್ರೋಪಿನ್ ಕೊಟ್ಟು ಕಾಯೋದು ವ್ಯರ್ಥ, ಅದು ಕೆಲಸ ಮಾಡೋದು ವೇಗಸ್ ನರದ ಮೇಲೆ. ಐಸೊಪ್ರೆನಲಿನ್ ಅಥವಾ ಪೇಸಿಂಗ್ (ತಂತಿಯ ಮೂಲಕ ವಿದ್ಯುತ್ ಕೊಟ್ಟು ಬಡಿಸೋದು), ನಿಮಿಷಕ್ಕೆ 90–110. ಪೇಸಿಂಗ್ ತಂತಿಯನ್ನು ಹೃದಯ ಖಾಲಿ ಇದ್ದಾಗಲೇ, ಕ್ಲಾಂಪ್ ಬಿಡುವ ಮುಂಚೆಯೇ ಹಾಕಿಸಿಕೊಳ್ಳಿ. ತುಂಬಿದ ಮೇಲೆ ಬಲ ವೆಂಟ್ರಿಕಲ್ಲಿನ ತಳ ರೋಬೋಟಿಗೆ ಕಾಣೋದೇ ಇಲ್ಲ, ಕಂಡರೂ ಅಲ್ಲಿ ಸೂಜಿ ಚುಚ್ಚಿದ ರಕ್ತ ನಿಲ್ಲಿಸೋಕೆ ಕೈ ಇಲ್ಲ.

ತುಂಗಭದ್ರಾ:
ಐಸಿಡಿ (ಬಡಿತ ತಪ್ಪಿದ್ರ ಶಾಕ್ ಕೊಡೂ ಪೆಟ್ಟಿಗಿ) ಇದ್ದವರದ್ದು ಏನ ಮಾಡತೀರಿ? ಕಸಿಗೆ ಬರೂ ಭಾಳ ಮಂದಿಗೆ ಎಡಗಡೆ ಪೆಟ್ಟಿಗಿ ಇರತದ.

ಹೊಲಿಗೆಯವ:
ಒಳ್ಳೆ ಪ್ರಶ್ನೆ ಸರ್. ಒಳಗೆ ಅದರ ಲೀಡ್‌ಗಳನ್ನು (ತಂತಿಗಳನ್ನು) ಮೇಲಿನ ಕೇವಾದ ಹತ್ತಿರ ಕತ್ತರಿಸಿ, ಹೃದಯದ ಜೊತೆ ಹೋಗುವ ತುಂಡು ಹೋಗಲಿ ಅಂತ ಬಿಡ್ತೀವಿ. ಉಳಿದದ್ದನ್ನು ಕಾಲರ್‌ಬೋನಿನ ಕೆಳಗಿನ ಗಾಯ ತೆರೆದು, ಪೆಟ್ಟಿಗೆಯ ಜೊತೆ ಹೊರಗೆ ಎಳೀಬೇಕು. ಹಳೇ ಲೀಡ್ ವೇನಿನ ಗೋಡೆಗೆ ಬೆಸೆದುಕೊಂಡಿದ್ದರೆ ಎಳೆದಾಗ ಹರಿಯುತ್ತೆ. ಕೇವಾದ ಹೊಲಿಗೆ ಹಾಕುವ ಮುಂಚೆ ಎಳೆದು ನೋಡೋದು ಕ್ಷೇಮ. ಆಮೇಲೆ ಎಳೆದರೆ ಹೊಸ ಹೊಲಿಗೆಯೇ ಕಿತ್ತುಬರಬಹುದು.

ಮೇಲಿನ ಕೇವಾದ ಹೊಲಿಗೆಯಲ್ಲಿ ಇನ್ನೊಂದು: ಒಂದೇ ಓಟದ ದಾರ ಬಿಗಿದರೆ ಪೈಜಾಮದ ಲಾಡಿ ಎಳೆದ ಹಾಗೆ ಬಾಯಿ ಕಿರಿದಾಗುತ್ತೆ. ಸ್ಪರ್ಶ ಇಲ್ಲದ ರೋಬೋಟಿನಲ್ಲಿ ಇದು ಇನ್ನೂ ಸುಲಭ. ಎರಡು ಕಡೆ ದಾರ ನಿಲ್ಲಿಸಿ ಗಂಟು ಹಾಕಿ. ಗಂಟು ಬಿಗಿಯುವ ಮುಂಚೆ ಕೇವಾಕ್ಕೆ ರಕ್ತ ಬಿಟ್ಟು ಹಿಗ್ಗಲು ಬಿಡಿ.

ಹಸಿರುದಾರಿ:
ಗಡಿಯಾರದ ಬಗ್ಗೆ ಯಾರೂ ಮಾತಾಡಲಿಲ್ಲ. ದಾನಿಯ ಅಯೋರ್ಟಾ ಕ್ಲಾಂಪ್ ಮಾಡಿದ ಕ್ಷಣದಿಂದ ರೋಗಿಯಲ್ಲಿ ಕ್ಲಾಂಪ್ ಬಿಡುವವರೆಗೆ, ಐಸ್ ಪೆಟ್ಟಿಗೆಯ ಲೆಕ್ಕದಲ್ಲಿ ನಾಲ್ಕು ಗಂಟೆ. ಅದರಲ್ಲಿ ಪ್ರಯಾಣ, ಆಂಬುಲೆನ್ಸ್, ಲಿಫ್ಟ್ ಎಲ್ಲ ಸೇರಿ. ಬೆಂಗಳೂರಿನಂಥ ಊರಿನಲ್ಲಿ ಹಸಿರು ಕಾರಿಡಾರ್ ಮಾಡಿ ನಿಮಿಷ ಉಳಿಸ್ತೀವಿ. 2025ರ ಆಗಸ್ಟಿನಲ್ಲಿ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ಲಿವರನ್ನು ನಮ್ಮ ಮೆಟ್ರೋದಲ್ಲೇ ಒಯ್ದರು. ಲಿವರಿಗೆ ಹೃದಯಕ್ಕಿಂತ ಹೆಚ್ಚು ಸಮಯ ಇದೆ, ಆದರೂ. ನಾವು ರಸ್ತೆಯಲ್ಲಿ ಉಳಿಸಿದ್ದನ್ನು ನೀವು ಕನ್ಸೋಲಿನಲ್ಲಿ ಖರ್ಚು ಮಾಡಿದರೆ?

ಹೊಲಿಗೆಯವ:
ರೋಬೋಟ್ ಕಸಿಯ ಇಕ್ಕಟ್ಟು ಇರೋದೇ ಅಲ್ಲಿ ಮೇಡಂ. ಎದೆ ತೆರೆದು ಪಳಗಿದವರು ಮುಖ್ಯ ಹೊಲಿಗೆಗಳನ್ನು 45–60 ನಿಮಿಷದಲ್ಲಿ ಮುಗಿಸ್ತಾರೆ. ರೋಬೋಟಿನಲ್ಲಿ ಹೆಚ್ಚು ಬೇಕು. ಅದೂ ಅಲ್ಲದೆ ಪೆಟ್ಟಿಗೆಯ 4 ಡಿಗ್ರಿಯಿಂದ ತೆಗೆದ ಹೃದಯ ಬೆಚ್ಚಗಿನ ಎದೆಯಲ್ಲಿ ಕೂತು ಹೊಲಿಸಿಕೊಳ್ಳುವಾಗ ತಾಪ ಏರ್ತಾ ಹೋಗುತ್ತೆ. ತೆರೆದ ಎದೆಯಲ್ಲಿ ಐಸ್ ನೀರು ಸುರೀಬಹುದು. ಇಲ್ಲಿ ಸುರಿದರೆ ಕ್ಯಾಮೆರಾ ಮುಳುಗುತ್ತೆ.

ಹೀಗೆ ನಿಭಾಯಿಸಬಹುದು. ಎಡ ಏಟ್ರಿಯಂ ಒಳಗೆ ಸಣ್ಣ ಪೈಪ್ ಇಟ್ಟು ತಣ್ಣನೆ ಸೇಲೈನ್ ಹನಿಸ್ತಾ ಇರೋದು: ಒಳಗಿಂದ ತಂಪು, ಗಾಳಿಯೂ ಹೊರಗೆ. ಅಯೋರ್ಟಾ ಬುಡದಿಂದ ಆಗಾಗ ಕಾರ್ಡಿಯೋಪ್ಲೀಜಿಯಾ (ಹೃದಯ ನಿಲ್ಲಿಸಿ ಕಾಪಾಡುವ ದ್ರವ). ಎಲ್ಲಕ್ಕಿಂತ ಫಲ ಕೊಡೋದು ಹೊಲಿಗೆಯ ಕ್ರಮ ಬದಲಿಸೋದು: ಎಡ ಏಟ್ರಿಯಂ ಆದ ಕೂಡಲೇ ಅಯೋರ್ಟಾ, ಕ್ಲಾಂಪ್ ಬಿಡಿ, ಹೃದಯಕ್ಕೆ ರಕ್ತ ಹರಿಯಲಿ. ಉಳಿದ ಮೂರು ಜೋಡಣೆ ಬಡಿಯುವ ಹೃದಯದ ಮೇಲೆ. ಐದು ಹೊಲಿಗೆಯ ಗಡಿಯಾರ ಎರಡಕ್ಕೆ ಇಳಿಯಿತು. ಬೆಲೆ ಏನೆಂದರೆ ಪಲ್ಮನರಿ ಆರ್ಟರಿ ಅಯೋರ್ಟಾದ ಮರೆಯಲ್ಲಿ ಸಿಕ್ಕಿಕೊಳ್ಳುತ್ತೆ, ಅಲುಗಾಡುವ ಗೋಡೆಗೆ ಹೊಲೀಬೇಕು, ರಕ್ತ ಕ್ಯಾಮೆರಾಗೆ ಸಿಡಿಯುತ್ತೆ. ಪಲ್ಮನರಿಯ ಹಿಂಗೋಡೆಯನ್ನಾದರೂ ಕ್ಲಾಂಪ್ ಬಿಡುವ ಮುಂಚೆ ಹೊಲಿದು ಇಟ್ಟುಕೊಂಡರೆ ಅರ್ಧ ಕಷ್ಟ ಕಮ್ಮಿ.

ಹೊರಗೇ ಬೆಚ್ಚಗಿನ ರಕ್ತದಲ್ಲಿ ಬಡಿಯುವಂತೆ ಇಡುವ ಓಸಿಎಸ್ ಯಂತ್ರ ಇದ್ದರೆ ಪ್ರಯಾಣದ ಭಾಗ ನಿರಾಳ. ಆದರೆ ಹೊಲಿಯೋಕೆ ಅಲ್ಲಿಂದ ಬಿಡಿಸಿದ ಮೇಲೆ ಗಡಿಯಾರ ಮತ್ತೆ ಓಡುತ್ತೆ. ದುಬಾರಿ ಬೇರೆ.

ಹಸಿರುದಾರಿ:
ಹಾಗಾದರೆ ಹೃದಯ ತೆಗೆಯಲು ಹೋಗುವ ತಂಡಕ್ಕೆ ಮೊದಲೇ ಏನು ಹೇಳಬೇಕು?

ಹೊಲಿಗೆಯವ:
ಉದ್ದ ಬಿಡಿ ಅಂತ. ಮೇಲಿನ ಕೇವಾವನ್ನು ಅದಕ್ಕೆ ಸೇರುವ ಅಜೈಗಸ್ ವೇನ್ ದಾಟಿ ಇನ್ನಾಮಿನೇಟ್ ವೇನ್‌ವರೆಗೆ, ಅಯೋರ್ಟಾವನ್ನು ಅದರ ಬಾಗಿದ ಆರ್ಚ್‌ವರೆಗೆ. ಹೆಚ್ಚಾದರೆ ಕತ್ತರಿಸಬಹುದು, ಕಡಿಮೆಯಾದರೆ ರೋಬೋಟಿನಲ್ಲಿ ಎಳೆದು ಹೊಲಿದರೆ ಹರಿಯುತ್ತೆ. ಅದೇ ದಾನಿಯ ಶ್ವಾಸಕೋಶ ಬೇರೆ ತಂಡಕ್ಕೆ ಹೋಗ್ತಿದ್ದರೆ ಎಡ ಏಟ್ರಿಯಂನ ಅಂಚನ್ನು ಇಬ್ಬರೂ ಹಂಚಿಕೊಳ್ಳಬೇಕು. ಎಲ್ಲಿ ಕತ್ತರಿಸೋದು ಅಂತ ಅಲ್ಲೇ, ಕ್ಲಾಂಪ್ ಹಾಕುವ ಮುಂಚೆ ಮಾತಾಡಿಕೊಳ್ಳಿ. ಟೇಬಲ್ಲಿಗೆ ಬಂದ ಹೃದಯದ ಅಂಚು ಸಮ ಮಾಡೋದು, ಎರಡು ಏಟ್ರಿಯಂ ನಡುವಿನ ತೂತು (ಫೊರಾಮೆನ್ ಒವೇಲ್) ತೆರೆದಿದ್ದರೆ ಮುಚ್ಚೋದು, ಎಡ ಏಟ್ರಿಯಂನ ಮೊದಲ ಸೂಜಿ ಎಲ್ಲಿ ಅಂತ ನೀಲಿ ಪೆನ್ನಲ್ಲಿ ಗುರುತು, ಎಲ್ಲ ಐಸ್ ಬಟ್ಟಲಲ್ಲೇ ಮುಗೀಬೇಕು. ಒಳಗೆ ಹೋದ ಮೇಲೆ ತಿರುಗಿಸಿ ನೋಡೋಕೆ ಆಗಲ್ಲ.

ತುಂಗಭದ್ರಾ:
ಇಷ್ಟೆಲ್ಲಾ ಕೇಳಿದ ಮ್ಯಾಲೆ ಯಾರಿಗೆ ಬ್ಯಾಡ ಅಂತ ನಾ ಹೇಳತೀನಿ. ಎಲ್‌ವ್ಯಾಡ್ (ಹೃದಯಕ್ಕ ಆಸರೆ ಪಂಪ್) ಹಾಕಿದವರು, ಮೊದಲ ಎದೆ ತೆರೆದವರು: ಒಳಗ ಎಲ್ಲಾ ಅಂಟಿರತದ. ತೊಡಿ ರಕ್ತನಾಳ ಸಣ್ಣ ಇದ್ದವರು, ಕೊಬ್ಬು ಕಟ್ಟಿದವರು. ಶ್ವಾಸಕೋಶದ ರಕ್ತನಾಳದ ಪ್ರತಿರೋಧ 3 ವುಡ್ ಯೂನಿಟ್ ಮ್ಯಾಲೆ ಇದ್ದವರು. ಹೊಸ ಹೃದಯದ ಬಲ ಭಾಗ ಮೊದಲ ರಾತ್ರಿ ಸೋಲತದ, ಆವಾಗ ನೈಟ್ರಿಕ್ ಆಕ್ಸೈಡ್ 20 ಪಿಪಿಎಂ, ಮಿಲ್ರಿನೋನ್ ಕೊಟ್ಟರೂ ಸಾಲದಿದ್ರ ಎಕ್ಮೋ (ಹೃದಯ-ಶ್ವಾಸಕೋಶಕ್ಕ ಆಸರೆ ಯಂತ್ರ) ಬೇಕು. ದೂರದಿಂದ ಬರೂ ಹೃದಯ. ದೊಡ್ಡ ಕೇಂದ್ರಗಳ ಪಟ್ಟಿಯೊಳಗ ಇವರನ್ನೆಲ್ಲಾ ತೆಗೆದ್ರ ಉಳಿಯವರು ಕೆಲವೇ ಮಂದಿ. ನಮ್ಮ ದೇಶದಾಗ ವರ್ಷಕ್ಕ ಆಗೂ ಹೃದಯ ಕಸಿ ಇನ್ನೂರು–ಇನ್ನೂರೈವತ್ತರ ಆಸುಪಾಸು. ರೋಬೋಟಿಗೆ ಹೊಂದೂ ರೋಗಿ, ಪಳಗಿದ ತಂಡ, ಹತ್ತಿರದ ದಾನಿ ಮೂರೂ ಒಂದ ರಾತ್ರಿ ಕೂಡಬೇಕು.

ಹೊಲಿಗೆಯವ:
ಮತ್ತು ಆ ತಂಡ ಅದಕ್ಕೂ ಮುಂಚೆ ರೋಬೋಟಿನಲ್ಲಿ ಮೈಟ್ರಲ್ ರಿಪೇರಿ ನಿರಾಯಾಸವಾಗಿ ಮಾಡ್ತಿರಬೇಕು. ಅದೇ ಕ್ಯಾನುಲಾ, ಅದೇ ಕ್ಲಾಂಪ್, ಅದೇ ಎಡ ಏಟ್ರಿಯಂ. ಕಿಡ್ನಿ ಕಸಿಯಲ್ಲಿ ರೋಬೋಟ್ ನೆಲೆಯೂರಿದ್ದು ಹಾಗೇ. ಗುರುಗ್ರಾಮದ ಮೇದಾಂತ ಆಸ್ಪತ್ರೆಯಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಆಸ್ಪತ್ರೆಯ ತಂಡದ ಜೊತೆ ಮಾಡಿದ ಕೆಲಸದಲ್ಲಿ ಕಿಡ್ನಿಯ ಸುತ್ತ ಐಸ್ ಪುಡಿ ಇಟ್ಟು ತಣ್ಣಗಿಟ್ಟರು. ಹೃದಯಕ್ಕೆ ಅಂಥ ಒಂದು ಸರಳ ತಂಪಿನ ಉಪಾಯ ಸಿಕ್ಕಿದ ದಿನ ನಾನು ತಕರಾರು ಕಮ್ಮಿ ಮಾಡ್ತೀನಿ.

ಗೇರ್‌ಬಾಕ್ಸ್_ಗಿರಿ:
ಕೊನೇ ಪ್ರಶ್ನೆ. ರೋಬೋಟಿನಲ್ಲಿ ಮಾಡಿಸಿಕೊಂಡವರಿಗೆ ಆಮೇಲಿನ ಬದುಕು ಏನಾದರೂ ಬೇರೆಯಾ? ಮಾತ್ರೆ ಕಮ್ಮಿ?

ತುಂಗಭದ್ರಾ:
ಮಾತ್ರೆ ಒಂದೂ ಕಮ್ಮಿ ಇಲ್ಲ ತಮ್ಮಾ. ಎದೆ ಸೀಳಿದವರಿಗೆ ಆರೆಂಟು ವಾರ ಭಾರ ಎತ್ತಬ್ಯಾಡ, ಕೈ ಊರಿ ಏಳಬ್ಯಾಡ ಅಂತೀವಿ. ಇವರಿಗೆ ಆ ಕಟ್ಟು ಸಡಿಲ, ಲಗೂನ ನಡೆಸಬಹುದು. ಅಷ್ಟ ಫರಕು. ಬಲ ಕುತ್ತಿಗಿಯಿಂದ ತಂತಿ ಹಾಕಿ ಬಯಾಪ್ಸಿ (ಹೃದಯದ ಚೂರು ತೆಗೆದು ಪರೀಕ್ಷೆ), ಮೊದಲ ತಿಂಗಳು ವಾರವಾರ, ಅದು ಹಂಗ ಇರತದ. ಅದಕ್ಕ ಜುಗುಲರ್ ಕ್ಯಾನುಲಾ ತೆಗೆದ ಮ್ಯಾಲೆ ಆ ವೇನ್ ಚಂದ ಹೊಲಿದು ಉಳಿಸಬೇಕು, ಮುಂದ ನಮಗ ಅದೇ ದಾರಿ. ಮತ್ತ ಟ್ಯಾಕ್ರೊಲಿಮಸ್ ಹನ್ನೆರಡು ತಾಸಿಗೊಮ್ಮೆ. ಮಟ್ಟ ನೋಡೂ ದಿನ ಮುಂಜಾನಿ ಮಾತ್ರೆ ನುಂಗದ ಬರ್ರಿ, ಡಬ್ಬಿ ಕಿಸೆಯೊಳಗ ಇರಲಿ, ರಕ್ತ ಕೊಟ್ಟ ಕೂಡಲೇ ಅಲ್ಲೇ ನುಂಗ್ರಿ. ಮನಿಯಾಗ ನುಂಗಿ ಬಂದ್ರ ಅಂಕಿ ಸುಳ್ಳ ಏರಿ ಕಾಣತದ, ನೋಡಿದ ಡಾಕ್ಟರ್ ಡೋಸ್ ಇಳಿಸ್ತಾರ.